ಹಳೆಯ ಕಾರನ್ನು ತಗ್ಗಿಸುವಾಗ ಸ್ಪ್ರಿಂಗಿನ ಲೆಕ್ಕ

ಶಿವಮೊಗ್ಗದಿಂದ ಭದ್ರಾವತಿಗೆ ಬಿ. ಎಚ್. ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು ದೂರ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿಗಳನ್ನು ಹಾದುಹೋಗುವ ಈ ದಾರಿಯಲ್ಲಿ ಕೆಲವು ತಿಂಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನ ಪದ್ಮಿನಿ ಕಾರಿನಲ್ಲಿ ಕುಳಿತು ಹೋಗುವ ಸಂದರ್ಭ ನಮಗೆ ಒದಗಿತು. ಕಾರು ಅವನ ತಾತನ ಕಾಲದ್ದು. ಅದಕ್ಕೆ ಪಂದ್ಯದ ಕಾರಿನ ಚೆಲುವು ಬರಲೆಂದು, ಮುಂದಿನ ಸ್ಪ್ರಿಂಗುಗಳನ್ನು ಗ್ಯಾಸಿನ ಉರಿಯಿಂದ ಕಾಯಿಸಿ ಗಿಡ್ಡವಾಗಿಸಿದ್ದರು. ನೋಡಲು ಕಾರು ನೆಲವನ್ನು ಅಪ್ಪಿ ನಿಂತಂತೆ ಸೊಗಸಾಗಿತ್ತು. ಆದರೆ ರಸ್ತೆಯ ಪ್ರತಿಯೊಂದು ಕುಳಿಯಲ್ಲಿಯೂ ಸುತ್ತಿಗೆಯ ಪೆಟ್ಟಿನಂಥ ಸದ್ದು ಕೇಳುತ್ತಿತ್ತು.

"ಸಾರ್, ಸ್ಪ್ರಿಂಗು ಗಿಡ್ಡವಾದರೆ ಗಟ್ಟಿಯಾಗುತ್ತದೆ ಅಂತ ನೀವೇ ಪಾಠ ಹೇಳಿದಿರಿ. ಗಟ್ಟಿಯಾಗಿದ್ದರೆ ಕಾರು ಕೆಳಗೆ ಬಡಿಯಬಾರದಲ್ಲ?" ಎಂದು ಅವನು ಕೇಳಿದನು. ಪ್ರಶ್ನೆ ಒಳ್ಳೆಯದು. ಇದಕ್ಕೆ ಉತ್ತರವಾಗಿ ಬರೆದದ್ದು ಈ ಲೇಖನ.

ತಗ್ಗಿಸುವುದರಿಂದ ಬರುವ ಲಾಭವೆಷ್ಟು?

ಪದ್ಮಿನಿಯು ಹುಟ್ಟಿನಿಂದ ಕ್ರೀಡಾಕಾರಲ್ಲ. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಹೆಸರಿನಿಂದ ಮುಂಬಯಿಯಲ್ಲಿ ತಯಾರಾಗತೊಡಗಿ, ಎಪ್ಪತ್ತರ ದಶಕದಲ್ಲಿ ಪದ್ಮಿನಿಯೆಂಬ ಹೆಸರು ಪಡೆದ ಸಂಸಾರಿಗಳ ಕಾರು ಅದು. ಆದರೂ ಮದರಾಸಿನ ಬಳಿಯ ಶೋಳಾವರಂ ವಿಮಾನಪಥದಲ್ಲಿ ನಡೆಯುತ್ತಿದ್ದ ಪಂದ್ಯಗಳಲ್ಲಿ ಫಿಯಟ್ ಮತ್ತು ಹೆರಾಲ್ಡ್ ಕಾರುಗಳು ಓಡಿದುವು. ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಡಾಲ್ಫಿನ್ ಎಂಬ ಪುಟ್ಟ ಕಾರು ರ‍್ಯಾಲಿಗಳಲ್ಲಿ ಹೆಸರು ಪಡೆಯಿತು. ಅಗ್ಗದ ಕಾರನ್ನೇ ತಿದ್ದಿ ಕ್ರೀಡೆಗೆ ಅಣಿಮಾಡುವುದು ನಮ್ಮ ನಾಡಿನಲ್ಲಿ ಹಳೆಯ ಅಭ್ಯಾಸ.

ಕಾರು ತಿರುವಿನಲ್ಲಿ ಓಡುವಾಗ ಒಳಬದಿಯ ಚಕ್ರಗಳ ಮೇಲಿನ ಭಾರ ಸ್ವಲ್ಪಮಟ್ಟಿಗೆ ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಟಯರಿನ ಹಿಡಿತ ಭಾರದಷ್ಟೇ ಪ್ರಮಾಣದಲ್ಲಿ ಏರುವುದಿಲ್ಲವಾದುದರಿಂದ, ಈ ವರ್ಗಾವಣೆ ಕಡಮೆಯಾದಷ್ಟೂ ಒಟ್ಟು ಹಿಡಿತ ಹೆಚ್ಚು. ಕಾರಿನ ತೂಕವನ್ನು ಗುರುತ್ವಕೇಂದ್ರದ ಎತ್ತರದಿಂದ ಗುಣಿಸಿ, ಎಡ ಬಲ ಚಕ್ರಗಳ ನಡುವಣ ಅಂತರದಿಂದ ಭಾಗಿಸಿ, ತಿರುವಿನ ವೇಗೋತ್ಕರ್ಷವು ಗುರುತ್ವದ ಎಷ್ಟು ಪಾಲೆಂಬುದರಿಂದ ಗುಣಿಸಿದರೆ ವರ್ಗವಾಗುವ ಭಾರ ದೊರೆಯುತ್ತದೆ.

ಕಾರಿನ ತೂಕ 900 ಕಿಲೋಗ್ರಾಂ, ಗುರುತ್ವಕೇಂದ್ರದ ಎತ್ತರ 0.55 ಮೀಟರು, ಚಕ್ರಗಳ ಅಂತರ 1.2 ಮೀಟರು, ವೇಗೋತ್ಕರ್ಷ ಗುರುತ್ವದ ಅರ್ಧ ಎಂದಿಟ್ಟುಕೊಳ್ಳೋಣ. ವರ್ಗವಾಗುವ ಭಾರ ಸುಮಾರು 206 ಕಿಲೋಗ್ರಾಂ. ಕಾರನ್ನು 20 ಮಿ.ಮೀ. ತಗ್ಗಿಸಿದರೆ ಅದು 199 ಕಿಲೋಗ್ರಾಂ ಆಗುತ್ತದೆ. ಎಂದರೆ ಲಾಭ ಕೇವಲ ಏಳು ಕಿಲೋಗ್ರಾಂ! ಪಂದ್ಯದಲ್ಲಿ ಇದಕ್ಕೆ ಬೆಲೆಯುಂಟು. ಪೇಟೆಯ ಬೀದಿಯಲ್ಲಿ ಅತ್ಯಲ್ಪ. ಇದಕ್ಕಾಗಿ ನಾವು ಏನನ್ನು ತೆರಬೇಕಾಗುತ್ತದೆ ಎಂಬುದನ್ನು ಈಗ ನೋಡೋಣ.

ಸ್ಪ್ರಿಂಗಿನ ಬಿಗಿತ ಮತ್ತು ಆವೃತ್ತಿ

ಸ್ಪ್ರಿಂಗಿನ ಕುಗ್ಗುವಿಕೆಯು ಅದರ ಮೇಲಣ ಬಲಕ್ಕೆ ಅನುಪಾತದಲ್ಲಿರುತ್ತದೆಂಬ ರಾಬರ್ಟ್ ಹುಕ್‌ನ ನಿಯಮ (1678) ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತವೇ. ಒಂದು ಮಿಲಿಮೀಟರು ಕುಗ್ಗಿಸಲು ಬೇಕಾದ ಬಲವೇ ಸ್ಪ್ರಿಂಗಿನ ಬಿಗಿತ. ಚಕ್ರ ಮತ್ತು ಅಚ್ಚನ್ನು ಬಿಟ್ಟು, ಕಾರಿನ ಒಂದು ಮೂಲೆಯ ಸ್ಪ್ರಿಂಗು ಹೊರುವ ಭಾರ 200 ಕಿಲೋಗ್ರಾಂ, ಅಂದರೆ 1960 ನ್ಯೂಟನ್ ಇರಲಿ. ಬಿಗಿತ ಮಿಲಿಮೀಟರಿಗೆ 14 ನ್ಯೂಟನ್ ಆದರೆ, ಕಾರಿನ ಭಾರದಿಂದಲೇ ಸ್ಪ್ರಿಂಗು 140 ಮಿ.ಮೀ. ಕುಗ್ಗಿ ನಿಲ್ಲುತ್ತದೆ.

ಈ ಕುಗ್ಗುವಿಕೆಯಿಂದಲೇ ಕಾರು ಸೆಕೆಂಡಿಗೆ ಎಷ್ಟು ಸಲ ತೂಗಾಡುವುದೆಂಬುದನ್ನು ಹೇಳಬಹುದು. ಕುಗ್ಗುವಿಕೆಯನ್ನು ಸೆಂಟಿಮೀಟರಿನಲ್ಲಿ ಬರೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿದರೆ ಆವೃತ್ತಿ ಸಿಕ್ಕಿತು. 14 ಸೆಂಟಿಮೀಟರಿಗೆ ಅದು ಸೆಕೆಂಡಿಗೆ 1.3. ಇದು ಸುಖಪ್ರಯಾಣದ ಆವೃತ್ತಿ. 1.5ರಿಂದ 2ರವರೆಗಿನದು ಚುರುಕಾದ ಕ್ರೀಡಾಕಾರಿಗೆ ಒಪ್ಪುವಂಥದು. ಅದನ್ನು ಮೀರಿದರೆ ಕುಳಿತವರ ಬೆನ್ನಿಗೆ ಶಿಕ್ಷೆ.

ಸುರುಳಿಯನ್ನು ಕತ್ತರಿಸಿದರೆ?

ಮೇಲಿನ ಸ್ಪ್ರಿಂಗಿನಲ್ಲಿ ಎಂಟು ಸುತ್ತುಗಳಿದ್ದು, ಭಾರ ಹೊತ್ತಾಗ ಅದರ ಉದ್ದ 160 ಮಿ.ಮೀ. ಇರಲಿ. ಪ್ರತಿಯೊಂದು ಸುತ್ತೂ ಪೂರ್ಣ ಭಾರವನ್ನೇ ಹೊರುತ್ತದೆ. ಆದುದರಿಂದ ಪ್ರತಿಯೊಂದೂ ಸಮನಾಗಿ ಕುಗ್ಗಿ 20 ಮಿ.ಮೀ. ಎತ್ತರವನ್ನು ಆಕ್ರಮಿಸಿಕೊಂಡಿರುತ್ತದೆ. ಒಂದು ಸುತ್ತನ್ನು ತೆಗೆದರೆ ಉಳಿದ ಏಳಕ್ಕೆ ಅದರ ಸುದ್ದಿಯೇ ತಿಳಿಯದು. ಅವು ಮೊದಲಿನಷ್ಟೇ ಕುಗ್ಗಿ ನಿಲ್ಲುತ್ತವೆ. ಕಾರು 20 ಮಿ.ಮೀ. ಇಳಿಯುತ್ತದೆ. ಬಿಗಿತವು 8/7ರಷ್ಟಾಗಿ 16ಕ್ಕೆ ಏರುತ್ತದೆ. ಎರಡು ಸುತ್ತು ತೆಗೆದರೆ ಕಾರು 40 ಮಿ.ಮೀ. ಇಳಿದು, ಬಿಗಿತ ಸುಮಾರು 18.7 ಆಗುತ್ತದೆ. ಹೀಗೆ, ಕತ್ತರಿಸಿದ ಸ್ಪ್ರಿಂಗು ಗಟ್ಟಿಯಾಗುವುದು ನಿಜ. ಆದರೆ ಆ ಗಟ್ಟಿತನ ಸಾಕೇ?

ತಗ್ಗಿದ ಕಾರಿನ ವರ್ಗನಿಯಮ

ಚಕ್ರ ಮೇಲಕ್ಕೇರುವಾಗ ಕಾರಿನ ಲೋಹ ಲೋಹಕ್ಕೆ ಬಡಿಯದಂತೆ ಒಂದು ರಬ್ಬರಿನ ತಡೆಯನ್ನು ಇಟ್ಟಿರುತ್ತಾರೆ. ಕಾರು ಸುಮ್ಮನೆ ನಿಂತಿರುವಾಗ ಈ ತಡೆಯವರೆಗೆ ಉಳಿದಿರುವ ದೂರವನ್ನು ನಾವು 'ಓಟ' ಎಂದು ಕರೆಯೋಣ. ಕುಳಿಯ ಅಂಚು ಚಕ್ರಕ್ಕೆ ಕೊಡುವ ಪೆಟ್ಟಿನ ಶಕ್ತಿಯನ್ನು ಸ್ಪ್ರಿಂಗು ಈ ಓಟದೊಳಗೆ ನುಂಗಿಕೊಳ್ಳಬೇಕು. ಸಮತೋಲದ ಸ್ಥಾನದಿಂದ ಎಣಿಸಿದರೆ, ಹಾಗೆ ನುಂಗಬಹುದಾದ ಶಕ್ತಿಯು ಬಿಗಿತವನ್ನು ಓಟದ ವರ್ಗದಿಂದ ಗುಣಿಸಿ ಅರ್ಧಮಾಡಿದಷ್ಟು.

ಮೂಲ ಕಾರಿನ ಓಟ 80 ಮಿ.ಮೀ. ಇದ್ದರೆ ಈ ಶಕ್ತಿ ಸುಮಾರು 45 ಜೂಲ್. ಎರಡು ಸುತ್ತು ಕತ್ತರಿಸಿದ ಕಾರಿನಲ್ಲಿ ಓಟ 40 ಮಿ.ಮೀ., ಬಿಗಿತ 18.7, ಶಕ್ತಿ ಸುಮಾರು 15 ಜೂಲ್ ಮಾತ್ರ. ಮೂರರಲ್ಲಿ ಒಂದು ಪಾಲು! ಉಳಿದ 30 ಜೂಲ್ ರಬ್ಬರಿನ ತಡೆಗೂ, ಕಾರಿನ ಮೈಗೂ, ಕುಳಿತವರ ಬೆನ್ನೆಲುಬಿಗೂ ಹಂಚಿಹೋಗುತ್ತದೆ.

ಮೊದಲಿನಷ್ಟೇ ಶಕ್ತಿಯನ್ನು ನುಂಗಬೇಕಾದರೆ ಬಿಗಿತವು ಓಟದ ವರ್ಗಕ್ಕೆ ವಿಲೋಮವಾಗಿ ಏರಬೇಕು. ಅದರ ಪರಿಣಾಮ ಹೀಗಿದೆ:

ತಗ್ಗಿಸದ ಕಾರು: ಓಟ 80 ಮಿ.ಮೀ., ಬಿಗಿತ 14, ಆವೃತ್ತಿ 1.3.
20 ಮಿ.ಮೀ. ತಗ್ಗಿಸಿದರೆ: ಓಟ 60, ಬೇಕಾದ ಬಿಗಿತ 25, ಆವೃತ್ತಿ 1.8.
30 ಮಿ.ಮೀ. ತಗ್ಗಿಸಿದರೆ: ಓಟ 50, ಬೇಕಾದ ಬಿಗಿತ 36, ಆವೃತ್ತಿ 2.1.
40 ಮಿ.ಮೀ. ತಗ್ಗಿಸಿದರೆ: ಓಟ 40, ಬೇಕಾದ ಬಿಗಿತ 56, ಆವೃತ್ತಿ 2.7.

ಕಡೆಯ ಸಾಲು ಪಂದ್ಯದ ಪಥಕ್ಕೆ ತಕ್ಕದ್ದು, ನಮ್ಮ ರಸ್ತೆಗಲ್ಲ. ದಿನವೂ ಬೀದಿಯಲ್ಲಿ ಓಡತಕ್ಕ ಕಾರಿಗೆ 20 ಮಿ.ಮೀ. ಆಸುಪಾಸಿನಲ್ಲಿಯೇ ಎಲ್ಲೆ ಕಟ್ಟಿಕೊಳ್ಳಬೇಕೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಕಾಯಿಸಿದರೆ ಏನಾಗುತ್ತದೆ?

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಅವನ ಸ್ಪ್ರಿಂಗುಗಳನ್ನು ಕತ್ತರಿಸಿರಲಿಲ್ಲ, ಕಾಯಿಸಿದ್ದರು. ಸುರುಳಿ ಸ್ಪ್ರಿಂಗಿನ ಬಿಗಿತವನ್ನು ನಿರ್ಧರಿಸುವುವು ನಾಲ್ಕು: ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆ, ಉಕ್ಕಿನ ದೃಢತಾ ಗುಣಾಂಕ. ಕಾಯಿಸಿ ಗಿಡ್ಡಮಾಡಿದಾಗ ಇವುಗಳಲ್ಲಿ ಯಾವುದೂ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಸುತ್ತುಗಳು ಎಂಟಕ್ಕೆ ಎಂಟೇ. ತಣಿದ ಮೇಲೆ ಉಕ್ಕಿನ ದೃಢತಾ ಗುಣಾಂಕವೂ ಮೊದಲಿನದೇ. ಆದುದರಿಂದ ಸ್ಪ್ರಿಂಗು ಗಿಡ್ಡವಾಯಿತೇ ಹೊರತು ಗಟ್ಟಿಯಾಗಲಿಲ್ಲ. ಓಟ ಕಡಮೆಯಾಯಿತು, ಬಿಗಿತ ಇದ್ದಂತೆಯೇ ಉಳಿಯಿತು.

ಆದರೆ ಒಂದು ಗುಣ ಮಾತ್ರ ನಷ್ಟವಾಯಿತು. ಅದೇ ಸ್ಥಿತಿಸ್ಥಾಪಕ ಮಿತಿ. ಇದನ್ನು ತಿಳಿಯಲು ನಮ್ಮ ಭದ್ರಾವತಿಯನ್ನು ನೆನೆಯಬೇಕು. ಭದ್ರಾನದಿಯ ದಡದ ಕಬ್ಬಿಣದ ಕಾರ್ಖಾನೆಯಲ್ಲಿ ಉತ್ಪಾದನೆ ಆರಂಭವಾದದ್ದು 1923ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದುಡಿದರು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡುಗಳ ಇದ್ದಲಿನಿಂದ ಕರಗಿಸಿ ಮೊದಲು ತೆಗೆದದ್ದು ಬೀಡುಕಬ್ಬಿಣ. ಮೂವತ್ತರ ದಶಕದಲ್ಲಿ ಉಕ್ಕು ಬಂದಿತು. ಮುಂದೆ ಮಿಶ್ರ ಉಕ್ಕುಗಳಿಗೆ ಆ ಊರು ಹೆಸರಾಯಿತು. ಕಬ್ಬಿಣಕ್ಕೆ ಇಂಗಾಲ, ಸಿಲಿಕಾನ್, ಮ್ಯಾಂಗನೀಸ್, ಕ್ರೋಮಿಯಂಗಳನ್ನು ಅಳತೆಯರಿತು ಬೆರಸಿದರೆ ಅರ್ಧ ಕೆಲಸ ಮಾತ್ರ ಮುಗಿದಂತೆ. ಉಳಿದರ್ಧ ಶಾಖದ ಹದ. ಸ್ಪ್ರಿಂಗಿನ ಉಕ್ಕನ್ನು ಸುಮಾರು 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಕಠಿನವೂ ಬಿರುಸೂ ಆಗುತ್ತದೆ. ಮತ್ತೆ ಸುಮಾರು 450 ಡಿಗ್ರಿಗೆ ಕಾಯಿಸಿ ಹದಗೊಳಿಸಿದರೆ ಬಿರುಸು ಇಳಿದು, ತಿರುಚಿ ಬಿಟ್ಟಾಗ ಮೊದಲಿನ ಆಕಾರಕ್ಕೆ ಮರಳುವ ಶಕ್ತಿ ನಿಲ್ಲುತ್ತದೆ.

ಗ್ಯಾಸಿನ ಉರಿಯಲ್ಲಿ ಕೆಂಪಗೆ ಕಾದ ಸ್ಪ್ರಿಂಗಿನ ಭಾಗ 700 ಡಿಗ್ರಿಯನ್ನು ಮುಟ್ಟಿರುತ್ತದೆ. ಕಾರ್ಖಾನೆಯಲ್ಲಿ ಪಡೆದ ಹದವೆಲ್ಲ ಅಲ್ಲಿ ಕರಗಿಹೋಯಿತು. ಅಂಥ ಸ್ಪ್ರಿಂಗು ದಿನದಿನಕ್ಕೂ ಇನ್ನಷ್ಟು ಕುಸಿಯುತ್ತದೆ, ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ ಕುಸಿಯುವುದೂ ಇಲ್ಲ. ಕೆಂಪಗಿರುವಾಗಲೇ ನೀರು ಸುರಿದರಂತೂ ಬಿರುಸಾಗಿ, ಓಡುವ ಕಾರಿನಲ್ಲಿಯೇ ಮುರಿಯಬಹುದು. ಆದುದರಿಂದ ಸ್ಪ್ರಿಂಗಿಗೆ ಉರಿ ತಾಗಿಸಲೇಬಾರದು.

ಬಿಡಿಭಾಗಗಳ ಆಯ್ಕೆ

ಹಾಗಾದರೆ ಸರಿಯಾದ ದಾರಿ ಯಾವುದು? ಬೇಕಾದ ಬಿಗಿತಕ್ಕೆ ಸುತ್ತಿ, ಹದಗೊಳಿಸಿ ತಂದ ಹೊಸ ಸ್ಪ್ರಿಂಗು. ಬಿಗಿತವು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುವುದರಿಂದ, 14ರಿಂದ 25ಕ್ಕೆ ಏರಿಸಲು 12 ಮಿ.ಮೀ. ತಂತಿಯ ಬದಲು ಸುಮಾರು 13.9 ಮಿ.ಮೀ. ತಂತಿ ಸಾಕು. ಕಾರನ್ನು ಜಾಕಿಯಿಂದ ಎತ್ತಿದಾಗ ಈ ಸ್ಪ್ರಿಂಗು ತನ್ನ ಪೀಠದಲ್ಲಿ ಸಡಿಲಾಗಿ ಅಲುಗದಷ್ಟು ಉದ್ದವಿರಬೇಕು.

ಇಲ್ಲಿ ಸನ್ನೆಯ ನಿಯಮವನ್ನು ಮರೆಯಬಾರದು. ಮೇಲಿನ ಅಂಕಿಗಳೆಲ್ಲ ಸ್ಪ್ರಿಂಗು ನೇರವಾಗಿ ಚಕ್ರದ ಮೇಲೆಯೇ ನಿಂತಿದೆಯೆಂದು ಎಣಿಸಿದುವು. ಪದ್ಮಿನಿಯ ಮುಂಭಾಗದಲ್ಲಿ ಸ್ಪ್ರಿಂಗು ಚಕ್ರವನ್ನು ಹಿಡಿದಿರುವ ತೋಳಿನ ನಡುವೆ ಕುಳಿತಿರುತ್ತದೆ. ಅದು ತೋಳಿನ ಸರಿಯರ್ಧದಲ್ಲಿದ್ದರೆ, ಸ್ಪ್ರಿಂಗನ್ನು 20 ಮಿ.ಮೀ. ಗಿಡ್ಡಮಾಡಿದಾಗ ಕಾರು 40 ಮಿ.ಮೀ. ಇಳಿಯುತ್ತದೆ, ಸ್ಪ್ರಿಂಗಿನ ಬಿಗಿತದ ನಾಲ್ಕನೆಯ ಒಂದು ಪಾಲು ಮಾತ್ರ ಚಕ್ರಕ್ಕೆ ತಲಪುತ್ತದೆ. ಆದುದರಿಂದ ಮೊದಲು ತೋಳಿನ ಅಳತೆ ತೆಗೆದುಕೊಳ್ಳತಕ್ಕದ್ದು.

ಹಿಂಭಾಗದಲ್ಲಿರುವುದು ಕಮಾನು ಪಟ್ಟಿಗಳು. ಕಾರು ತಗ್ಗಲೆಂದು ಒಂದು ಪಟ್ಟಿಯನ್ನು ಕಳಚುವವರಿದ್ದಾರೆ. ಸಮನಾದ ಐದು ಪಟ್ಟಿಗಳಲ್ಲಿ ಒಂದನ್ನು ತೆಗೆದರೆ ಬಿಗಿತ ಐದರಲ್ಲಿ ನಾಲ್ಕು ಪಾಲಾಗುತ್ತದೆ. ಓಟವೂ ಕಡಮೆ, ಬಿಗಿತವೂ ಕಡಮೆ. ನಮ್ಮ ವರ್ಗನಿಯಮಕ್ಕೆ ಎರಡು ಕಡೆಯಿಂದಲೂ ವಿರೋಧ. ಸರಿಯಾದುದೆಂದರೆ ಬಾಗು ಕಡಮೆಯಾಗಿ, ಬಿಗಿತ ಹೆಚ್ಚಾಗಿರುವ ಹೊಸ ಕಮಾನು.

ಷಾಕ್ ಅಬ್ಸಾರ್ಬರಿನ ಕೆಲಸ ಭಾರ ಹೊರುವುದಲ್ಲ, ತೂಗಾಟವನ್ನು ಅಡಗಿಸುವುದು. ಅದಕ್ಕೆ ಬೇಕಾದ ತಡೆ ಬಿಗಿತದ ವರ್ಗಮೂಲದಂತೆ ಏರುತ್ತದೆ. ಬಿಗಿತ 14ರಿಂದ 25 ಆದಾಗ ತಡೆಯು ಮೂರರಲ್ಲಿ ಒಂದು ಪಾಲು ಹೆಚ್ಚಬೇಕು. ಹೊಸ ಸ್ಪ್ರಿಂಗಿನ ಜೊತೆಗೆ ಸವೆದ ಹಳೆಯ ಷಾಕ್ ಅಬ್ಸಾರ್ಬರನ್ನು ಉಳಿಸಿಕೊಂಡರೆ ಕಾರು ಚೆಂಡಿನಂತೆ ಪುಟಿಯುತ್ತದೆ.

ಹಂಪಿನ ರೇಖಾಗಣಿತ

ಕೊನೆಯದಾಗಿ ರಸ್ತೆಯ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟತಕ್ಕ ಹಂಪು 17 ಮೀಟರು ತ್ರಿಜ್ಯದ ವೃತ್ತಖಂಡವಾಗಿ, 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ ಇರಬೇಕು. ಪದ್ಮಿನಿಯ ಮುಂದಿನ ಹಿಂದಿನ ಚಕ್ರಗಳ ಅಂತರ 2.34 ಮೀಟರು. ಅಂಥ ಹಂಪಿನ ಮೇಲೆ ಕಾರು ನಿಂತಾಗ ಎರಡು ಚಕ್ರಗಳ ನಡುವೆ ಹಂಪು ಏಳುವುದು 40 ಮಿ.ಮೀ. ಮಾತ್ರ. (2.34ರ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿ ನೋಡಿರಿ.) ತಗ್ಗಿದ ಕಾರಿಗೂ ಇದು ಅಪಾಯವಲ್ಲ.

ಆದರೆ ಮನೆಯ ಮುಂದೆ ಊರವರೇ ಕಟ್ಟಿದ ಹಂಪು ಅರ್ಧ ಮೀಟರು ಅಗಲ, 120 ಮಿ.ಮೀ. ಎತ್ತರವಿದ್ದರೆ, ಆ 120ಕ್ಕೆ 120ಳೂ ಕಾರಿನ ಹೊಟ್ಟೆಯ ಕೆಳಗೆ ಬರುತ್ತದೆ. ಜನರೆಲ್ಲ ಕುಳಿತಾಗ ನೆಲದಿಂದ ಹೊಟ್ಟೆಗೆ 145 ಮಿ.ಮೀ. ಅಂತರವಿದ್ದ ಕಾರನ್ನು 20 ಮಿ.ಮೀ. ತಗ್ಗಿಸಿದರೆ ಉಳಿಯುವುದು ಐದೇ ಮಿಲಿಮೀಟರು. 40 ಮಿ.ಮೀ. ತಗ್ಗಿಸಿದರೆ ಎಷ್ಟೇ ನಿಧಾನವಾಗಿ ಹೋದರೂ ಎಣ್ಣೆಯ ಸಂಪು ಕಲ್ಲಿಗೆ ತಗಲುತ್ತದೆ. ಸಂಪು ಒಡೆದು ಎಣ್ಣೆ ಸೋರಿದರೆ ಎಂಜಿನ್ನೇ ಹಾಳು.

ಕಾಯಿದೆಯ ಮಾತೂ ಒಂದುಂಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಭಾಗವು, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಕೆಲಸಕ್ಕೆ ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ವಾಚಕರು ತಮ್ಮ ಮನೆಯ ಕಾರಿನಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಎರಡು ಚಕ್ರಗಳ ನೇರಕ್ಕೆ ನಡುವೆ 60 ಕಿಲೋಗ್ರಾಂ ತೂಕದ ಗೆಳೆಯನೊಬ್ಬನನ್ನು ಕೂರಿಸಿರಿ. ಚಕ್ರದ ಮೇಲಣ ತಗಡಿನ ಅಂಚು ಎಷ್ಟು ಇಳಿಯಿತೆಂದು ಅಳೆಯಿರಿ. ಒಂದೊಂದು ಚಕ್ರಕ್ಕೆ ಬಂದ ಬಲ 294 ನ್ಯೂಟನ್. ಅದನ್ನು ಇಳಿತದಿಂದ ಭಾಗಿಸಿದರೆ ಚಕ್ರದಲ್ಲಿನ ಬಿಗಿತ ಸಿಕ್ಕಿತು. 21 ಮಿ.ಮೀ. ಇಳಿದರೆ ಅದು ನಮ್ಮ ಲೆಕ್ಕದ 14.

ನಮ್ಮ ವಿದ್ಯಾರ್ಥಿಯೂ ಹೀಗೆಯೇ ಅಳೆದನು. ಬಿಗಿತ ಒಂದಿಷ್ಟೂ ಏರಿಲ್ಲವೆಂದು ಕಣ್ಣಾರೆ ಕಂಡ ಮೇಲೆ, ಕಾಯಿಸಿದ ಸ್ಪ್ರಿಂಗುಗಳನ್ನು ಕಳಚಿ ಮೂಲ ಅಳತೆಯ ಹೊಸವನ್ನು ಹಾಕಿಸಿದನು. ಹಳೆಯ ಜೋಡಿಯನ್ನು ಗುಜರಿಗೆ ಕೊಡದೆ ನಮ್ಮ ಪ್ರಯೋಗಶಾಲೆಗೆ ತಂದಿಟ್ಟಿದ್ದಾನೆ. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಒಂದು ಇನ್ನೊಂದಕ್ಕಿಂತ ಒಂಬತ್ತು ಮಿಲಿಮೀಟರು ಗಿಡ್ಡ.