ಲಕ್ವಾ ಹೊಡೆದ ಮೇಲೆ, ಪಟ್ಟಿ ಬಿಚ್ಚಿದ ಮೇಲೆ: ಫಿಜಿಯೋಥೆರಪಿ ಪಡೆಯುವುದು ಹೇಗೆ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಫಿಜಿಯೋಥೆರಪಿಗೆ ಹೋಗಿ ಬಂದವರನ್ನು ಕೇಳಿ ನೋಡಿ, ‘ಹತ್ತು ದಿನ ಕರೆಂಟ್ ಹಚ್ಚಿಸ್ಕೊಂಡ್ ಬಂದೆ’ ಎನ್ನುತ್ತಾರೆ. ಕರೆಂಟ್ ಹಚ್ಚುವ ಆ ಯಂತ್ರ ನೋವನ್ನು ಕೆಲ ಹೊತ್ತು ತಗ್ಗಿಸೀತು, ಅಷ್ಟೇ. ಸೋತ ಸ್ನಾಯುವಿಗೆ ಬಲ ಬರುವುದು, ಬಿಗಿದ ಕೀಲು ಸಡಿಲಾಗುವುದು ರೋಗಿ ತಾನೇ ಮಾಡುವ ವ್ಯಾಯಾಮದಿಂದ. ಯಾವುದು, ಎಷ್ಟು, ಯಾವಾಗ ಹೆಚ್ಚಿಸಬೇಕು ಎಂದು ಪರೀಕ್ಷಿಸಿ ಗೊತ್ತುಮಾಡುವುದು ಫಿಜಿಯೋಥೆರಪಿಸ್ಟ್ ಕೆಲಸ. ಎಣ್ಣೆ ಹಚ್ಚಿ ತಿಕ್ಕುವವರೆಲ್ಲ ಫಿಜಿಯೋಥೆರಪಿಸ್ಟರಲ್ಲ. ಬಿಪಿಟಿ (ಫಿಜಿಯೋಥೆರಪಿ ಪದವಿ) ಓದಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

ಮೊದಲು ಡಾಕ್ಟರಿಗೆ ತೋರಿಸಬೇಕಾದದ್ದು

ಸೊಂಟನೋವಿನ ಜೊತೆ ಮೂತ್ರ ಕಟ್ಟಿದ್ದರೆ, ತೊಡೆಸಂದು ಜೋಮು ಹಿಡಿದಿದ್ದರೆ, ಪಾದ ಎತ್ತಲು ಬಾರದಿದ್ದರೆ, ಜ್ವರವಿದ್ದರೆ ವ್ಯಾಯಾಮದ ಮಾತೇ ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಅಜ್ಜಿ ಬಚ್ಚಲಲ್ಲಿ ಬಿದ್ದು ಮೇಲೇಳಲಾಗುತ್ತಿಲ್ಲ ಎಂದರೆ ಎಕ್ಸ್‌ರೇ ಆಗಲೇಬೇಕು. ಮುರಿದ ಕೈಗೆ ಬಿದಿರುಪಟ್ಟಿ ಬಿಗಿದು ಕಟ್ಟಿಸುವ ರೂಢಿ ಇನ್ನೂ ಇದೆ. ಬೆರಳು ಊದಿ, ತಣ್ಣಗಾಗಿ, ಕಪ್ಪಿಟ್ಟರೆ ರಕ್ತ ಓಡುತ್ತಿಲ್ಲ ಎಂದರ್ಥ. ಕಾದರೆ ಕೈಯೇ ಹೋದೀತು.

ಲಕ್ವಾ ಹೊಡೆದಾಗ

ಬಾಯಿ ಸೊಟ್ಟಗಾಯಿತು, ಮಾತು ತೊದಲಿತು, ಒಂದು ಕೈ ಜೋತುಬಿತ್ತು ಎಂದ ಕೂಡಲೇ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾ ಆಗಿದ್ದರೆ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ನಾಟಿ ಔಷಧಿಗೆಂದು ಊರೂರು ಅಲೆದರೆ ಈ ಹೊತ್ತು ಕೈತಪ್ಪುತ್ತದೆ. ನುಂಗಲು ಬರುತ್ತದೆಯೇ ಎಂದು ಆಸ್ಪತ್ರೆಯವರು ಪರೀಕ್ಷಿಸುವ ತನಕ ಬಾಯಿಗೆ ನೀರೂ ಹಾಕಬೇಡಿ.

ಜೀವ ಉಳಿದ ಮೇಲೆ ನಡೆಯುವ ತಪ್ಪು ಇನ್ನೊಂದು: ‘ಸ್ವಲ್ಪ ಆರಾಮಾಗ್ಲಿ, ಆಮೇಲೆ ನೋಡೋಣ’ ಎಂದು ಮಲಗಿಸಿಬಿಡುವುದು. ಚೇತರಿಕೆ ಜೋರಾಗಿರುವುದು ಮೊದಲ ಮೂರು ತಿಂಗಳಲ್ಲೇ. ವೈದ್ಯರು ಒಪ್ಪಿದರೆ ಆಸ್ಪತ್ರೆಯ ಹಾಸಿಗೆಯಲ್ಲೇ ಫಿಜಿಯೋಥೆರಪಿ ಶುರುವಾಗಬೇಕು. ಡಿಸ್ಚಾರ್ಜ್ ಆಗುವ ಮೊದಲು, ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರೇ ಫಿಜಿಯೋಥೆರಪಿಸ್ಟ್ ಹತ್ತಿರ ನಿಂತು ಈ ನಾಲ್ಕನ್ನು ಕಲಿತುಕೊಳ್ಳಲಿ:

1. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಇಲ್ಲವಾದರೆ ಬೆನ್ನಿಗೆ, ಹಿಮ್ಮಡಿಗೆ ಹುಣ್ಣಾಗುತ್ತದೆ.

2. ಎಬ್ಬಿಸುವಾಗ ಸೋತ ಕೈಯನ್ನು, ಕಂಕುಳನ್ನು ಹಿಡಿದು ಜಗ್ಗದಿರುವುದು. ಸ್ನಾಯು ಸಡಿಲಾದ ಭುಜ ಕೀಲಿನಿಂದ ಜಾರಿದರೆ ತಿಂಗಳುಗಟ್ಟಲೆ ನೋವು. ಕೂತಾಗ ಆ ಕೈಗೆ ದಿಂಬಿನ ಆಸರೆ ಇರಲಿ.

3. ಎರಡೂ ಪಾದ ನೆಲಕ್ಕೆ ಊರುವಂತೆ ಕುರ್ಚಿಯ ಮೇಲೆ ಕೂರಿಸುವುದು, ಅಲ್ಲಿಂದ ಎದ್ದು ನಿಲ್ಲಿಸುವುದು.

4. ತಂಬಿಗೆ ಹಿಡಿಯುವುದು, ರೊಟ್ಟಿ ಮುರಿಯುವುದು, ಗುಂಡಿ ಹಾಕಿಕೊಳ್ಳುವುದು. ನಿತ್ಯದ ಇಂಥ ಕೆಲಸಗಳನ್ನು ದಿನಕ್ಕೆ ಹತ್ತಾರು ಸಲ ಮಾಡಿಸಿದರೇ ಮಿದುಳು ಮರಳಿ ಕಲಿಯುವುದು. ಅಕ್ಕರೆಯಿಂದ ಎಲ್ಲವನ್ನೂ ನಾವೇ ಮಾಡಿಕೊಟ್ಟರೆ ಕೈ ಕಲಿಯುವುದೇ ಇಲ್ಲ.

ಮೊದಲ ಭೇಟಿಗೆ

ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ, ಬಿಪಿ-ಸಕ್ಕರೆ ಮಾತ್ರೆಗಳನ್ನು ಒಯ್ಯಿರಿ. ಸಡಿಲ ಬಟ್ಟೆ ಹಾಕಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಭುಜ ಬಿಗಿದುಕೊಳ್ಳುವುದು ಹೆಚ್ಚು, ಆ ಕಾಯಿಲೆಯನ್ನು ಮುಚ್ಚಿಡಬೇಡಿ.

ನಿಮ್ಮ ಕೆಲಸ ಏನೆಂದು ಬಿಡಿಸಿ ಹೇಳಿ. ‘ಕೂಲಿ’ ಎಂದಷ್ಟೇ ಹೇಳಿದರೆ ಏನೂ ತಿಳಿಯುವುದಿಲ್ಲ. ಬ್ಯಾಡಗಿಯಲ್ಲಿ ದಿನವಿಡೀ ನೆಲದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವವರ ಮೊಣಕಾಲು, ಕತ್ತು ಒಂದು ಬಗೆ. ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರ ಸೊಂಟ ಇನ್ನೊಂದು. ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲದಲ್ಲಿ ಬಗ್ಗಿ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳ ಬೆನ್ನು, ಬೆರಳು ಮತ್ತೊಂದು. ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲನಿಗೆ ‘ಭಾರ ಎತ್ತಬೇಡ’ ಎನ್ನುವುದು ಸಲಹೆಯೇ ಅಲ್ಲ. ಮೊಣಕಾಲು ಮಡಚಿ, ಚೀಲವನ್ನು ಮೈಗೆ ಒತ್ತಿಕೊಂಡು, ಸೊಂಟ ತಿರುಚದೆ ಎತ್ತುವುದನ್ನು ಮಾಡಿ ತೋರಿಸಲು ಕೇಳಿ. ತೊಟ್ಟು ಬಿಡಿಸುವವರು ಎತ್ತರದ ಮಣೆ ಹಾಕಿಕೊಂಡು, ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೂ ಮೊಣಕಾಲಿಗೆ ಬಿಡುವು ಸಿಗುತ್ತದೆ.

ಮನೆಯಲ್ಲಿ

ಸವೆದ ಮೊಣಕಾಲಿಗೆ ಸಾಮಾನ್ಯವಾಗಿ ಹೇಳಿಕೊಡುವ ಒಂದು ವ್ಯಾಯಾಮ: ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ. ಐದು ಎಣಿಸಿ ಬಿಡಿ. ಹತ್ತು ಸಲ, ಬೆಳಿಗ್ಗೆ ಮತ್ತು ಸಂಜೆ. ಉಸಿರು ಕಟ್ಟಬೇಡಿ. ವ್ಯಾಯಾಮದ ನಂತರದ ನೋವು ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಬಾವು ಏರಿದರೆ ನಿಲ್ಲಿಸಿ ತೋರಿಸಿ. ಪ್ಲಾಸ್ಟರ್ ಬಿಚ್ಚಿದ ಕೀಲನ್ನು ಬೇರೆಯವರಿಂದ ಜಬರ್ದಸ್ತಿಯಿಂದ ಮಡಚಿಸಬೇಡಿ.

ಎಲ್ಲಿ ಕೇಳಬೇಕು

ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರಿಂದ ಚೀಟಿ ಬರೆಸಿಕೊಂಡು ಫಿಜಿಯೋಥೆರಪಿಗೆ ಹೋಗಿ. ರಾಣೆಬೆನ್ನೂರು, ಬ್ಯಾಡಗಿಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ ಸೇವೆ ಸಿಗುತ್ತದೆಂದು ಮೊದಲೇ ವಿಚಾರಿಸಿ. ದಿನಾ ಬಸ್ಸಿಗೆ ಹೋಗಿಬರಲು ಆಗದವರು ಅದನ್ನು ಬಾಯಿಬಿಟ್ಟು ಹೇಳಿ. ಒಮ್ಮೆ ಕಲಿತು, ಮನೆಯಲ್ಲಿ ಮಾಡಿ, ಎರಡು ವಾರಕ್ಕೊಮ್ಮೆ ತೋರಿಸುವ ಏರ್ಪಾಟನ್ನು ಬಹಳ ಜನರಿಗೆ ಮಾಡಬಹುದು. ಹುಟ್ಟಿದ ಕೂಸಿನ ಪಾದ ಒಳಕ್ಕೆ ತಿರುಗಿದ್ದರೆ ಮೊದಲ ವಾರಗಳಲ್ಲೇ ಕರೆದೊಯ್ಯಿರಿ, ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಿ ನೇರ ಮಾಡುವ ಚಿಕಿತ್ಸೆ ಇದೆ. ನ್ಯೂನತೆ ಉಳಿದೇ ಬಿಟ್ಟವರು ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ, ಗಾಲಿಕುರ್ಚಿ-ಊರುಗೋಲಿನ ಅರ್ಜಿಗೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಆಸ್ಪತ್ರೆಯ ಕಾಗದಗಳ ನಕಲು ಜೊತೆಗಿರಲಿ.