ಕಾರ್ಯಾಗಾರದ ಚರಂಡಿ ಮತ್ತು ಜಲ ಕಾಯಿದೆ: ಸಣ್ಣ ಉದ್ಯಮಿಗಳು ಅರಿಯಬೇಕಾದ ಅಂಶಗಳು

ಮೈಸೂರು ನಗರವು ಕಾವೇರಿ ಹಾಗೂ ಕಬಿನಿ ನದಿಗಳ ನಡುವಣ ಎತ್ತರದ ನೆಲದ ಮೇಲಿದೆ. ಉತ್ತರದ ಇಳಿಜಾರಿನ ನೀರು ಕಾವೇರಿಯತ್ತಲೂ ದಕ್ಷಿಣದ ಇಳಿಜಾರಿನ ನೀರು ಕಬಿನಿಯತ್ತಲೂ ಹರಿಯುತ್ತದೆ. ಈ ಎರಡೂ ನದಿಗಳು ತಿರುಮಕೂಡಲು ನರಸೀಪುರದಲ್ಲಿ ಸಂಗಮಿಸುತ್ತವೆ. ನಗರದ ಒಳಚರಂಡಿ ನೀರಿನ ಶುದ್ಧೀಕರಣಕ್ಕಾಗಿ ವಿದ್ಯಾರಣ್ಯಪುರ, ರಾಯನಕೆರೆ ಮತ್ತು ಕೆಸರೆಗಳಲ್ಲಿ ಸ್ಥಾವರಗಳಿದ್ದು, ಅವುಗಳ ಮೂಲ ವಿನ್ಯಾಸ ಸಾಮರ್ಥ್ಯವು ಅನುಕ್ರಮವಾಗಿ ದಿನಕ್ಕೆ 67.65, 60 ಮತ್ತು 30 ದಶಲಕ್ಷ ಲೀಟರ್. ಇವುಗಳ ಪೈಕಿ ಕೆಸರೆಯ ಸ್ಥಾವರವು ನಗರದ ಈಶಾನ್ಯ ಭಾಗದ ರಾಜೀವನಗರಕ್ಕೆ ಸಮೀಪದಲ್ಲಿದೆ.

ರಾಜೀವನಗರದಂತಹ ಜನನಿಬಿಡ ಬಡಾವಣೆಗಳಲ್ಲಿ ಮನೆಗಳ ನಡುವೆಯೇ ಸಣ್ಣ ಕಾರ್ಯಾಗಾರಗಳು ನಡೆಯುವುದು ಸಾಮಾನ್ಯ. ಗ್ಯಾರೇಜೊಂದರಲ್ಲಿ ವಾಹನ ತೊಳೆದ ನೀರಾಗಲಿ, ಲೋಹಲೇಪನ ಘಟಕವೊಂದರ ತೊಟ್ಟಿಯ ನೀರಾಗಲಿ ಒಳಚರಂಡಿಯನ್ನು ಸೇರಿದರೆ, ಮೈಲುಗಟ್ಟಲೆ ದೂರದ ನದಿಗೆ ಅದರಿಂದೇನು ಬಾಧೆ ಎಂಬ ಪ್ರಶ್ನೆ ಅನೇಕ ಮಾಲೀಕರಲ್ಲಿದೆ. ಈ ಪ್ರಶ್ನೆಗೆ ಕಾನೂನು ಸ್ಪಷ್ಟ ಉತ್ತರ ನೀಡಿದೆ.

ಕಾಯಿದೆಯ ಹಿನ್ನೆಲೆ

ಸಂವಿಧಾನದ ಪ್ರಕಾರ ನೀರು ರಾಜ್ಯಪಟ್ಟಿಯ ವಿಷಯ. ಆದಕಾರಣ ಕರ್ನಾಟಕವೂ ಸೇರಿದಂತೆ 12 ರಾಜ್ಯಗಳ ವಿಧಾನಮಂಡಲಗಳು 252ನೆಯ ವಿಧಿಯನ್ವಯ ನಿರ್ಣಯ ಅಂಗೀಕರಿಸಿದ ತರುವಾಯ, ಸಂಸತ್ತು 1974ರಲ್ಲಿ ಜಲ (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಕಾಯಿದೆಯನ್ನು ರೂಪಿಸಿತು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಅದೇ ವರ್ಷ ಅಸ್ತಿತ್ವಕ್ಕೆ ಬಂದಿತು. 1984ರ ಭೋಪಾಲ್ ದುರಂತದ ಬಳಿಕ ಬಂದ 1986ರ ಪರಿಸರ (ಸಂರಕ್ಷಣೆ) ಕಾಯಿದೆಯು ಈ ವ್ಯವಸ್ಥೆಯನ್ನು ಬಲಪಡಿಸಿತು. ಇಷ್ಟಾದರೂ ಕೇಂದ್ರ ಮಂಡಳಿಯು 2018ರಲ್ಲಿ ದೇಶದಲ್ಲಿ 351 ಮಲಿನ ನದಿಪಾತ್ರಗಳನ್ನು ಗುರುತಿಸಿತು. ಕರ್ನಾಟಕದ 17 ಪಾತ್ರಗಳಲ್ಲಿ ಕಾವೇರಿ ಮತ್ತು ಕಬಿನಿಗಳೂ ಸೇರಿದ್ದವು.

ಒಳಚರಂಡಿಗೆ ಬಿಟ್ಟರೆ ಸಾಕೆ?

ಕಾಯಿದೆಯ 24ನೆಯ ಕಲಮು ಮಾಲಿನ್ಯಕಾರಕ ವಸ್ತುವನ್ನು ಹೊಳೆ, ಬಾವಿಗಳಿಗೆ ಬಿಡುವುದನ್ನು ನಿಷೇಧಿಸುತ್ತದೆ. 1988ರ ತಿದ್ದುಪಡಿಯು ಈ ನಿಷೇಧವನ್ನು ಒಳಚರಂಡಿಗೂ ನೆಲಕ್ಕೂ ವಿಸ್ತರಿಸಿತು. ಹೀಗಾಗಿ ‘ನಾವು ನದಿಗೆ ಬಿಡುತ್ತಿಲ್ಲ, ಚರಂಡಿಗಷ್ಟೇ ಬಿಡುತ್ತಿದ್ದೇವೆ’ ಎಂಬ ಸಮರ್ಥನೆಗೆ ಕಾನೂನಿನಲ್ಲಿ ಅವಕಾಶವಿಲ್ಲ.

ಇದಕ್ಕೆ ವೈಜ್ಞಾನಿಕ ಕಾರಣವೂ ಉಂಟು. ನಗರದ ಶುದ್ಧೀಕರಣ ಸ್ಥಾವರಗಳಲ್ಲಿ ಕೊಳೆಯನ್ನು ಜೀರ್ಣಿಸುವುದು ಸೂಕ್ಷ್ಮಜೀವಿಗಳು. ಮನೆಬಳಕೆಯ ನೀರಿಗೆ ಅವು ಸಮರ್ಥವಾಗಿವೆ. ಆಮ್ಲ ಮತ್ತು ಕ್ರೋಮಿಯಂನಂತಹ ಲೋಹಗಳು ಆ ಜೀವಿಗಳನ್ನೇ ಕೊಲ್ಲುತ್ತವೆ. ಎಣ್ಣೆಯು ನೀರಿನ ಮೇಲೆ ಪದರಗಟ್ಟಿ ಆಮ್ಲಜನಕವನ್ನು ತಡೆಯುತ್ತದೆ. ಕೆಲವು ಘಟಕಗಳ ಅಲಕ್ಷ್ಯದಿಂದ ಇಡೀ ಬಡಾವಣೆಯ ನೀರು ಅರೆಶುದ್ಧವಾಗಿಯೇ ಹೊರಬೀಳುವ ಅಪಾಯವಿದೆ.

ಈ ಕಾರಣದಿಂದಲೇ ಪರಿಸರ ನಿಯಮಾವಳಿಯ ಸಾಮಾನ್ಯ ಮಾನದಂಡಗಳು ಸಾರ್ವಜನಿಕ ಒಳಚರಂಡಿಗೂ ಮಿತಿ ವಿಧಿಸಿವೆ. ಪ್ರತಿ ಲೀಟರಿನಲ್ಲಿ ಎಣ್ಣೆ ಮತ್ತು ಜಿಡ್ಡು 20 ಮಿಲಿಗ್ರಾಂ, ತೇಲುವ ಘನಕಣಗಳು 600 ಮಿಲಿಗ್ರಾಂ, ಜೈವಿಕ ಆಮ್ಲಜನಕ ಬೇಡಿಕೆ 350 ಮಿಲಿಗ್ರಾಂ ಮೀರುವಂತಿಲ್ಲ. ಆಮ್ಲ-ಕ್ಷಾರ ಸೂಚ್ಯಂಕವು 5.5ರಿಂದ 9ರ ನಡುವೆ ಇರಬೇಕು. ನೇರವಾಗಿ ಹೊಳೆ, ಕೆರೆಗಳಿಗೆ ಬಿಡುವುದಾದರೆ ಈ ಮಿತಿಗಳು ಇನ್ನೂ ಬಿಗಿಯಾಗಿದ್ದು, ಎಣ್ಣೆಗೆ 10 ಹಾಗೂ ಜೈವಿಕ ಆಮ್ಲಜನಕ ಬೇಡಿಕೆಗೆ 30 ಮಿಲಿಗ್ರಾಂ ಗರಿಷ್ಠ ಮಿತಿ.

ಗಾತ್ರದ ವಿನಾಯಿತಿ ಇಲ್ಲ

ಕಾಯಿದೆಯು ಘಟಕದ ಬಂಡವಾಳವನ್ನಾಗಲಿ ಕಾರ್ಮಿಕರ ಸಂಖ್ಯೆಯನ್ನಾಗಲಿ ನೋಡುವುದಿಲ್ಲ. ಹೊರಬೀಳುವ ತ್ಯಾಜ್ಯವನ್ನು ನೋಡುತ್ತದೆ. ಕೇಂದ್ರ ಮಂಡಳಿಯ 2016ರ ವರ್ಗೀಕರಣದಲ್ಲಿ ಲೋಹಲೇಪನವು ಕೆಂಪು ವರ್ಗದಲ್ಲಿಯೂ ವಾಹನ ದುರಸ್ತಿ ಮತ್ತು ಬಣ್ಣ ಬಳಿಯುವ ಕೆಲಸವು ಕಿತ್ತಳೆ ವರ್ಗದಲ್ಲಿಯೂ ಇದ್ದವು. ಬಿಳಿ ವರ್ಗದ ಘಟಕಗಳು ಮಂಡಳಿಗೆ ಮಾಹಿತಿ ನೀಡಿದರೆ ಸಾಕಿತ್ತು. 2025ರಲ್ಲಿ ಈ ಪಟ್ಟಿ ಪರಿಷ್ಕೃತವಾಗಿರುವುದರಿಂದ ಪ್ರತಿಯೊಬ್ಬರೂ ತಮ್ಮ ವರ್ಗವನ್ನು ಮರುಪರಿಶೀಲಿಸುವುದು ಉಚಿತ.

ಆರ್ಥಿಕ ಅಶಕ್ತಿಯೂ ಸಮರ್ಥನೆಯಾಗದು. ಕಾನ್ಪುರದ ಚರ್ಮ ಹದಮಾಡುವ ಘಟಕಗಳ ಪ್ರಕರಣದಲ್ಲಿ 1987ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನ ನೀಡಲಾಗದ ಉದ್ಯಮಕ್ಕೆ ಹೇಗೆ ಅಸ್ತಿತ್ವವಿಲ್ಲವೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣ ವ್ಯವಸ್ಥೆ ಮಾಡಲಾಗದ ಘಟಕವೂ ಮುಂದುವರಿಯಲಾಗದು ಎಂಬ ತತ್ತ್ವವನ್ನು ಮುಂದಿಟ್ಟಿತು. ತಮಿಳುನಾಡಿನ ಪಾಲಾರ್ ನದಿಗೆ ಸಂಬಂಧಿಸಿದ 1996ರ ತೀರ್ಪು, ಮಾಲಿನ್ಯ ಮಾಡಿದವನೇ ಅದರ ವೆಚ್ಚ ಭರಿಸಬೇಕೆಂಬ ತತ್ತ್ವವನ್ನು ನಮ್ಮ ದೇಶದ ಕಾನೂನಿನ ಭಾಗವೆಂದು ಸಾರಿತು.

ಹೊಣೆ ಮತ್ತು ದಂಡನೆ

33ಎ ಕಲಮಿನನ್ವಯ ಮಂಡಳಿಯು ಘಟಕವನ್ನು ಮುಚ್ಚಿಸಲು ಮತ್ತು ವಿದ್ಯುತ್, ನೀರು ಸರಬರಾಜನ್ನು ಕಡಿತಗೊಳಿಸಲು ಆದೇಶಿಸಬಹುದು. 47ನೆಯ ಕಲಮಿನಡಿ ‘ಕಂಪನಿ’ ಎಂದರೆ ಪಾಲುದಾರಿಕೆ ಸಂಸ್ಥೆಯೂ ಹೌದು; ವ್ಯವಹಾರದ ಉಸ್ತುವಾರಿ ಹೊತ್ತ ಪಾಲುದಾರನು ವೈಯಕ್ತಿಕವಾಗಿ ಹೊಣೆಗಾರನಾಗುತ್ತಾನೆ. ಮೂಲ ಕಾಯಿದೆಯಲ್ಲಿ 24ನೆಯ ಕಲಮಿನ ಉಲ್ಲಂಘನೆಗೆ ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸವಿದೆ. 2024ರ ತಿದ್ದುಪಡಿಯು ಇದರ ಬದಲು 10,000 ರೂಪಾಯಿಗಳಿಂದ 15 ಲಕ್ಷ ರೂಪಾಯಿಗಳವರೆಗಿನ ದಂಡವನ್ನು ತಂದಿದೆ. ಆದರೆ ಇದು ಮೊದಲಿಗೆ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯಿಸಿದ್ದು, ಇತರ ರಾಜ್ಯಗಳು ನಿರ್ಣಯದ ಮೂಲಕ ಅಂಗೀಕರಿಸಬೇಕಾಗುತ್ತದೆ. ಸಮ್ಮತಿಯಿಲ್ಲದೆ ಘಟಕ ನಡೆಸುವವರಿಗೆ ಸೆರೆವಾಸದ ಶಿಕ್ಷೆಯನ್ನು ತಿದ್ದುಪಡಿಯೂ ಉಳಿಸಿಕೊಂಡಿದೆ.

ಉದ್ಯಮಿಗಳು ಕೈಗೊಳ್ಳಬೇಕಾದ ಕ್ರಮಗಳು

1. ಘಟಕ ಆರಂಭಿಸುವ ಮುನ್ನ ಸ್ಥಾಪನಾ ಸಮ್ಮತಿಯನ್ನೂ ಉತ್ಪಾದನೆಗೆ ಮುನ್ನ ಕಾರ್ಯಾಚರಣಾ ಸಮ್ಮತಿಯನ್ನೂ ಪಡೆಯಬೇಕು. ಸಮ್ಮತಿಪತ್ರದ ಷರತ್ತುಗಳನ್ನು ಓದಿ, ಅವಧಿ ಮುಗಿಯುವ ಮೊದಲೇ ನವೀಕರಿಸಬೇಕು.

2. ಕಾರ್ಯಾಗಾರದ ನೀರು ಮತ್ತು ಶೌಚಾಲಯದ ನೀರಿನ ಕೊಳವೆಗಳನ್ನು ಪ್ರತ್ಯೇಕಿಸಬೇಕು. ಗ್ಯಾರೇಜುಗಳಲ್ಲಿ ಎಣ್ಣೆ ಬೇರ್ಪಡಿಸುವ ತೊಟ್ಟಿ ನಿರ್ಮಿಸಿ, ಅದನ್ನು ನಿಯತವಾಗಿ ಶುಚಿಗೊಳಿಸಬೇಕು.

3. ಬಳಸಿದ ಎಂಜಿನ್ ಎಣ್ಣೆಯನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಸಂಗ್ರಹಿಸದೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸಿ, ದಾಖಲೆ ಇಟ್ಟುಕೊಳ್ಳಬೇಕು.

4. ಅಧಿಕಾರಿಗಳು ನೀರಿನ ಮಾದರಿ ಪಡೆಯುವಾಗ ಮಾಲೀಕರು ಸ್ಥಳದಲ್ಲಿರಬೇಕು. ಮಾದರಿಯನ್ನು ಎರಡು ಭಾಗ ಮಾಡಿ ಮೊಹರು ಮಾಡುವಂತೆ ಕೋರಲು 21ನೆಯ ಕಲಮು ಅವಕಾಶ ನೀಡಿದೆ.

5. ಸಮ್ಮತಿ ನಿರಾಕರಣೆ ಅಥವಾ ಷರತ್ತುಗಳು ಅನ್ಯಾಯವೆನಿಸಿದಲ್ಲಿ 28ನೆಯ ಕಲಮಿನಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ನೀರಿನ ಮೇಲಿನ ಉಪಕರವು 2017ರಲ್ಲಿ ರದ್ದಾಯಿತು. ನೀರನ್ನು ಶುದ್ಧವಾಗಿಡುವ ಹೊಣೆ ರದ್ದಾಗಿಲ್ಲ. ಎಣ್ಣೆಯ ತೊಟ್ಟಿಯೊಂದಕ್ಕೆ ಒಮ್ಮೆ ತಗಲುವ ಖರ್ಚನ್ನು, ವಿದ್ಯುತ್ ಕಡಿತಗೊಂಡು ಬಾಗಿಲು ಮುಚ್ಚಿದ ಘಟಕದ ಒಂದು ತಿಂಗಳ ನಷ್ಟದೊಡನೆ ತೂಗಿ ನೋಡಿದರೆ, ಯಾವುದು ಲಾಭದಾಯಕವೆಂಬುದನ್ನು ವರ್ತಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.