ಎಮಿಷನ್ ಚೀಟಿಯೊಂದೇ ಸಾಲದು

ಚಂದ್ರಾ ಲೇಔಟಿನ ಸ್ಕೂಟರ್ ಸವಾರರೇ, ಪೊಲೀಸರಿಗೆ ತೋರಿಸಲೆಂದಷ್ಟೇ ಎಮಿಷನ್ ಟೆಸ್ಟ್ ಮಾಡಿಸಬೇಡಿ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಬಂತು. ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಎಂಜಿನ್ ನಿಯಮ ಹೊಸ ಗಾಡಿಗಳಿಗೆ ಮಾತ್ರ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಹಳೆಯವೂ ಸಾಲುಗಟ್ಟುತ್ತವಲ್ಲ! ಟೆಸ್ಟೂ ಅಷ್ಟಕ್ಕಷ್ಟೇ: ಪೆಟ್ರೋಲ್ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್ ಅಳೆಯುತ್ತಾರೆ, ಡೀಸೆಲ್‌ನಲ್ಲಿ ಹೊಗೆಯ ದಟ್ಟಣೆ. ಶ್ವಾಸಕೋಶಕ್ಕಿಳಿಯುವ ಸೂಕ್ಷ್ಮ ಕಣಗಳ ತೂಕ ಅದರಲ್ಲಿ ಸಿಗುವುದಿಲ್ಲ. ಏರ್ ಫಿಲ್ಟರ್ ನೋಡಿಸಿ, ಸರ್ವಿಸ್ ತಪ್ಪಿಸಬೇಡಿ. ಸದ್ದಿನ ಆಸೆಗೆ ಸೈಲೆನ್ಸರ್ ಬದಲಿಸಲೇಬೇಡಿ. ಎಷ್ಟೋ ಗಾಡಿಗಳಲ್ಲಿ ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅದರೊಳಗೇ ಇರುತ್ತದೆ. ಮೆಜೆಸ್ಟಿಕ್ ಕಡೆ ಕೆಲಸವಿದ್ದರೆ ಗಾಡಿ ಮನೆಯಲ್ಲೇ ಬಿಟ್ಟು ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ.